ಹಲ್ಲಿಲ್ಲದವರಿಗೆ ಸಿ-40 ಕಡಲೆ

ಲ್ಯಾಪ್‌ಟಾಪಿನಲ್ಲಿ ಒಂದು ಎಲೆಕ್ಟ್ರಾನಿಕ್ ಟ್ರ್ಯಾಕ್ ತಯಾರಾಗುತ್ತದೆ. 24 ಬಿಟ್, ಬೆಳಗಿಟ್ಟ ಸ್ಟೀಲ್ ಲೋಟದಷ್ಟು ಶುಭ್ರ. ಇಷ್ಟು ಶುಭ್ರವಾಗಿದ್ದರೆ ಭೂಗತ (ಅಂಡರ್‌ಗ್ರೌಂಡ್) ಸಂಗೀತದ ಮಾನ ಉಳಿಯುವುದಿಲ್ಲ. ಹಾಗಾಗಿ ಹಳೇ ಟೇಪಿನ ಸುಯ್ ಸದ್ದನ್ನೂ ಸ್ವರದ ತೂರಾಟವನ್ನೂ ಬೆರೆಸುವ ಪ್ಲಗಿನ್ ಒಂದನ್ನು ದುಡ್ಡು ಕೊಟ್ಟು ತಂದು ಅದರ ಮೇಲೆ ಕೂರಿಸುತ್ತಾರೆ. ಆಮೇಲೆ ಎಲ್ಲವನ್ನೂ ನಿಜವಾದ ಕ್ಯಾಸೆಟ್ಟಿಗೆ ಇಳಿಸುತ್ತಾರೆ. ನಕಲಿ ಸುಯ್ ಮೇಲೆ ಅಸಲಿ ಸುಯ್. 50 ಪ್ರತಿ, ಒಂದೊಂದಕ್ಕೂ ಕೈಬರಹದ ನಂಬರು. ಕೊಂಡವರು ಜೊತೆಗೆ ಸಿಗುವ ಡೌನ್‌ಲೋಡನ್ನು ಫೋನಿನಲ್ಲಿ ಕೇಳುತ್ತಾರೆ. ಕ್ಯಾಸೆಟ್ ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚಿಸಿಕೊಳ್ಳದೆ ಕಪಾಟು ಸೇರುತ್ತದೆ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂದು ಹಿಂದಿನವರು ದೇವರನ್ನು ದೂರುತ್ತಿದ್ದರು. ಈಗ ಹಲ್ಲಿಲ್ಲದವರು ತಾವೇ ಸರದಿಯಲ್ಲಿ ನಿಂತು ನಂಬರು ಹಾಕಿದ ಕಡಲೆ ಕೊಳ್ಳುತ್ತಿದ್ದಾರೆ.

ಒಂದು ಕಾಲಕ್ಕೆ ಇದಕ್ಕೆ ಅರ್ಥವಿತ್ತು. 1979ರಲ್ಲಿ ಮೆರ್ಜ್‌ಬೌ ಎಂಬ ಹೆಸರಿನಲ್ಲಿ ಗದ್ದಲದ ಸಂಗೀತ ಶುರುಮಾಡಿದ ಟೋಕಿಯೊದ ಮಸಾಮಿ ಅಕಿತಾ ಮನೆಯಲ್ಲೇ ಕ್ಯಾಸೆಟ್ ಕಾಪಿ ಮಾಡಿ, ಜೆರಾಕ್ಸ್ ಕವರು ಸುತ್ತಿ ಅಂಚೆಗೆ ಹಾಕುತ್ತಿದ್ದದ್ದು ಅದೇ ಅಗ್ಗವಾಗಿತ್ತು ಎಂಬ ಕಾರಣಕ್ಕೆ. ಗ್ರಾಮಫೋನ್ ತಟ್ಟೆ ಒತ್ತಿಸಬೇಕೆಂದರೆ ನೂರಾರು ಪ್ರತಿಗೆ ಆರ್ಡರ್ ಕೊಡಬೇಕು. ಕ್ಯಾಸೆಟ್ ಆದರೆ ಕೇಳಿದವರಿಗೆ ಒಂದೊಂದೇ ಮಾಡಿಕೊಟ್ಟರೂ ನಡೆಯುತ್ತದೆ. ಆ ಅಗ್ಗದ ದಾರಿಯೇ ಇವತ್ತು ದುಬಾರಿ ವ್ರತ. ಸಾಗರದಾಚೆಯಿಂದ ತರಿಸಿದರೆ ಅಂಚೆ ಖರ್ಚೇ ಎಷ್ಟೋ ಸಲ ಕ್ಯಾಸೆಟ್ಟಿನ ಬೆಲೆಯನ್ನು ಮೀರಿಸುತ್ತದೆ. 1963ರಲ್ಲಿ ಬರ್ಲಿನ್ ಪ್ರದರ್ಶನಕ್ಕೆ ಬಂದ ಈ ಡಬ್ಬಿಯನ್ನು ರೂಪಿಸಿದ ಫಿಲಿಪ್ಸ್ ತಂಡದ ಮುಖ್ಯಸ್ಥ ಲೂ ಒಟೆನ್ಸ್, ಮುಂದೆ ಸಿಡಿಯ ಕೆಲಸದಲ್ಲೂ ಇದ್ದವರು. ಧ್ವನಿಯಲ್ಲಿ ಸಿಡಿಯೇ ಮೇಲು ಎಂಬುದು ಅವರ ಅಭಿಪ್ರಾಯವಾಗಿತ್ತು. ಹೆತ್ತವರ ಮಾತನ್ನು ಯಾವ ಕಾಲದಲ್ಲಿ ಯಾರು ಕೇಳಿದ್ದಾರೆ?

ಇರಲಿ. ನೀವೂ ಇಂಥ ಕ್ಯಾಸೆಟ್ ಹೊರತರುವ ಒಂದು ಲೇಬಲ್ ತೆರೆಯುವವರಿದ್ದರೆ ಲೆಕ್ಕ ಹೀಗಿದೆ. ಸಿ-40 ಅಂದರೆ 40 ನಿಮಿಷದ ಕ್ಯಾಸೆಟ್, ಬದಿಗೆ 20 ನಿಮಿಷ. ಒಂದೇ ಡೆಕ್ಕಿನಲ್ಲಿ 50 ಪ್ರತಿ ಮಾಡಲು 2000 ನಿಮಿಷ, ಎಂದರೆ 33 ಗಂಟೆ 20 ನಿಮಿಷ. ಬದಿ ತಿರುಗಿಸುವುದನ್ನು ಮರೆತು ನಿದ್ದೆಹೋದ ಹೊತ್ತು ಬೇರೆ. ಬೇಗ ಮುಗಿಸೋಣವೆಂದು ಹೈಸ್ಪೀಡ್ ಗುಂಡಿ ಒತ್ತಿದರೆ ಮೇಲಿನ ಸ್ವರಗಳು ಸೋರಿಹೋಗುತ್ತವೆ. ಗಾಬರಿ ಬೇಡ. ಆ ಸೋರಿಕೆಗೆ ಈ ವಲಯದಲ್ಲಿ 'ಬೆಚ್ಚನೆಯ ಧ್ವನಿ' ಎಂಬ ಗೌರವದ ಹೆಸರಿದೆ.

ಟೇಪಿಗೆ ಸದ್ದು ಬರೆಯುವ, ಓದುವ ಹೆಡ್ಡಿನ ವಿಚಾರಕ್ಕೆ ಬರೋಣ, ಏಕೆಂದರೆ ಉಳಿದವರು ಯಾರೂ ಬರುವುದಿಲ್ಲ. ಟೇಪ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಡ್ರಮ್ ಸೆಟ್ಟಿನ ಜೋಡಿ ತಟ್ಟೆ ಹೈ-ಹ್ಯಾಟಿನ 10,000 ಹರ್ಟ್ಸ್ ಸದ್ದಿನ ಒಂದು ಅಲೆಗೆ ಅದರ ಮೇಲೆ ಸಿಗುವ ಜಾಗ 4.76 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್), ಅಷ್ಟೇ. ಸ್ಟೀರಿಯೊ ಪಟ್ಟಿಯ ಅಗಲ ಸುಮಾರು 0.6 ಮಿಲಿಮೀಟರ್. ಕಾಪಿ ಮಾಡಿದ ಡೆಕ್ಕಿನ ಹೆಡ್ಡಿಗೂ ಕೇಳುವ ಡೆಕ್ಕಿನ ಹೆಡ್ಡಿಗೂ ಅರ್ಧ ಡಿಗ್ರಿಯಷ್ಟು ಓರೆ ಬಂದರೆ ಸಾಕು, ಆ ಹೈ-ಹ್ಯಾಟ್ ಪೂರಾ ನಾಪತ್ತೆ. ಸರಿಪಡಿಸಲು ಬೇಕಾದದ್ದು ಒಂದು ಸಣ್ಣ ಸ್ಟಾರ್ ಸ್ಕ್ರೂಡ್ರೈವರ್. ಸರಿಯಾಗಿ ರೆಕಾರ್ಡ್ ಆದ ಒಂದು ಕ್ಯಾಸೆಟ್ ಹಾಕಿ, ಎರಡೂ ಚಾನೆಲನ್ನು ಒಂದಾಗಿ ಬೆರೆಸಿ (ಮಾನೋ ಮಾಡಿ), ಹೆಡ್ಡಿನ ಪಕ್ಕದ ಸ್ಪ್ರಿಂಗ್ ಇರುವ ಸ್ಕ್ರೂವನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿ, ಸದ್ದು ಅತಿ ಹರಿತವಾದಲ್ಲಿ ನಿಲ್ಲಿಸಿ, ಮೇಲೊಂದು ಹನಿ ನೇಲ್ ಪಾಲಿಶ್ ಬಿಡುವುದು. ಹತ್ತು ನಿಮಿಷದ ಕೆಲಸ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನಿಜವಾಗಿಯೂ ಹೆಡ್ಡೇ ಡೊಂಕು, ಆದರೆ ಬಾಯಿಬಿಟ್ಟು ಹೇಳುವವರಿಲ್ಲ. ಡೊಂಕನ್ನೇ 'ಸೌಂದರ್ಯದೃಷ್ಟಿ' ಎಂದು ಡಬ್ಬಿಯೊಳಗಿನ ಮಡಚಿದ ಕಾಗದ, ಜೆ-ಕಾರ್ಡಿನಲ್ಲಿ ಅಚ್ಚು ಹಾಕಿಸುತ್ತಾರೆ.

ರೆಕಾರ್ಡಿಂಗ್ ಲೆವೆಲ್ಲಿನ ಕಥೆಯೂ ಇಷ್ಟೇ. ಸಾಧಾರಣ ಫೆರಿಕ್ ಟೇಪು ಕಿಕ್ ಡ್ರಮ್ಮಿನ ಗುದ್ದನ್ನು ತಡೆದುಕೊಳ್ಳುತ್ತದೆ, ಹೈ-ಹ್ಯಾಟನ್ನು ತಡೆಯುವುದಿಲ್ಲ. ಮೀಟರಿನ ಮುಳ್ಳು ಕೆಂಪಿಗೆ ಹೋಗುವಂತೆ ತುಂಬಿದರೆ ಮೇಲಿನ ಸ್ವರ ಮೊದಲು ಮಂಕಾಗಿ ಆಮೇಲೆ ಉಗುಳಿದಂತೆ ಚಿಮ್ಮುತ್ತದೆ. ಕಡಿಮೆ ತುಂಬಿದರೆ ಒಂದೇ ಶ್ರುತಿಯನ್ನು ಎಳೆಯುತ್ತಾ ಹೋಗುವ ಡ್ರೋನ್ ಸಂಗೀತದ ಮೆಲುದನಿ ಸುಯ್ ಸದ್ದಿನ ಅಡಿಗೆ ಬಿದ್ದು ಮೇಲೇಳುವುದಿಲ್ಲ. ಸುಯ್ ಸದ್ದು ತಗ್ಗಿಸುವ ಡಾಲ್ಬಿ ಗುಂಡಿ ಒತ್ತಿದ್ದು ಗೊತ್ತಾಗದೆ 50 ಪ್ರತಿ ಮುಗಿಸಿದಿರೋ, ಡಾಲ್ಬಿ ಇಲ್ಲದ ಪ್ಲೇಯರಿನಲ್ಲಿ ಎಲ್ಲವೂ ಕಿವಿಗೆ ಕರಕರ. ಹಾಗೆಂದು ಡಾಲ್ಬಿ ಇರುವ ಹೊಸ ಪ್ಲೇಯರ್ ಹುಡುಕಲು ಹೋಗಬೇಡಿ. ಈಗ ಬರುವ ಬಹುತೇಕ ಪ್ಲೇಯರುಗಳಲ್ಲಿ ಆ ಗುಂಡಿಯೇ ಇಲ್ಲ.

ಗದ್ದಲವನ್ನೇ ಸಂಗೀತವೆನ್ನುವ ನಾಯ್ಸ್ ಲೇಬಲ್ಲಿನವರಿಗೆ ಇದ್ಯಾವುದರ ರಗಳೆಯೂ ಇಲ್ಲ. ಜಲಪಾತ ಮೈಕಿನ ಮೇಲೆ ಬಿದ್ದಂಥ 20 ನಿಮಿಷದ ಗದ್ದಲದಲ್ಲಿ ಟೇಪ್ ಮಡಚಿದ್ದು ಎಲ್ಲಿ, ಕಲಾವಿದ ಮಡಚಿದ್ದು ಎಲ್ಲಿ? 'ನನಗೆ ಬಂದ ಪ್ರತಿಯಲ್ಲಿ ಬರೀ ಗೊರಗೊರ' ಎಂದು ಗಿರಾಕಿ ದೂರಿದರೆ ಅದು ದೂರೋ ವಿಮರ್ಶೆಯೋ ತಿಳಿಯದು. ಅರ್ಜೆಂಟೀನಾದ ರೆನಾಲ್ಸ್ ತಂಡ ಖಾಲಿ ಕ್ಯಾಸೆಟ್ಟಿನ ಸದ್ದನ್ನೇ ಸಂಗೀತವೆಂದು 2000ದಲ್ಲಿ ಬಿಡುಗಡೆ ಮಾಡಿತ್ತು, ಅದೂ ಸಿಡಿಯಲ್ಲಿ! ಕ್ಯಾಸೆಟ್ಟಿನ ಸುಯ್ ಸದ್ದನ್ನು ಅಚ್ಚುಕಟ್ಟಾಗಿ ಕೇಳಬೇಕೆಂದರೆ ಸಿಡಿಯೇ ವಾಸಿ ಎಂದು ಒಪ್ಪಿಕೊಂಡ ಪ್ರಾಮಾಣಿಕರು ಅವರೊಬ್ಬರೇ ಇರಬೇಕು.

ಈ ಸಾಮ್ರಾಜ್ಯದ ಬುನಾದಿ ತುಕ್ಕು. ಉತ್ಪ್ರೇಕ್ಷೆಯಲ್ಲ: ಟೇಪಿಗೆ ಬಳಿಯುವ ಗಾಮಾ ಫೆರಿಕ್ ಆಕ್ಸೈಡ್ ಕಬ್ಬಿಣದ ತುಕ್ಕಿನ ದಾಯಾದಿಯೇ. 2019ರಲ್ಲಿ ಅದರ ಪೂರೈಕೆ ಕುಂಠಿತವಾದಾಗ ಅಮೆರಿಕದ ಮಿಸೌರಿಯ ನ್ಯಾಷನಲ್ ಆಡಿಯೊ ಕಂಪನಿಯಂಥ ದೊಡ್ಡ ಕಾರ್ಖಾನೆಯೇ ಪರದಾಡಿತು. ವ್ಯವಸ್ಥೆಯ ವಿರುದ್ಧ ಗುಡುಗುವ ಸಂಗೀತ, ತುಕ್ಕಿನ ಪುಡಿ ಬರಲಿಲ್ಲವೆಂದು ತಿಂಗಳುಗಟ್ಟಲೆ ಬಾಗಿಲಲ್ಲಿ ಕಾದು ಕೂತಿತು.

ಇನ್ನು, ಕೊಂಡದ್ದನ್ನು ಕೇಳಿಯೇ ತೀರುತ್ತೇನೆ ಎಂಬ ಹಠಮಾರಿಗೆ ಎರಡು ದಾರಿ. ಹಳೇ ಡೆಕ್ಕಿನಲ್ಲಿ ರಬ್ಬರ್ ಬೆಲ್ಟು ಕರಗಿ ಡಾಂಬರಾಗಿರುತ್ತದೆ. ಪುಲ್ಲಿಗೆ ಅಂಟಿದ್ದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಹೊಸ ಬೆಲ್ಟು ಹಾಕಿ, ಟೇಪನ್ನು ಒತ್ತಿ ಎಳೆಯುವ ರಬ್ಬರ್ ಗಾಲಿ, ಪಿಂಚ್ ರೋಲರ್, ಗಾಜಿನಂತೆ ಹೊಳೆಯುತ್ತಿದ್ದರೆ ಅದನ್ನೂ ಬದಲಿಸಬೇಕು. ಇಲ್ಲದಿದ್ದರೆ ರೀಲನ್ನು ಶಾವಿಗೆಯಂತೆ ಎಳೆದು ಸುತ್ತಿಕೊಳ್ಳುತ್ತದೆ. ಹೊಸ ಅಗ್ಗದ ಪ್ಲೇಯರ್ ಕೊಂಡರೆ, ಹೊರಗಿನ ಬಣ್ಣ ಯಾವುದಾದರೂ ಒಳಗಿನ ಯಂತ್ರ ಬಹುತೇಕ ಒಂದೇ: ಜಪಾನಿನ ತನಾಶಿನ್ ಕಂಪನಿಯ ಹಳೇ ವಿನ್ಯಾಸದ ನಕಲು. ಅದರ ವೇಗ ಹಬ್ಬದ ರಾತ್ರಿ ಮನೆಗೆ ಮರಳುವವನ ಹೆಜ್ಜೆಯಂತಿರುತ್ತದೆ. ಪ್ಲಗಿನ್ನಿನ ತೂರಾಟ, ಕಾಪಿಯ ತೂರಾಟ, ಪ್ಲೇಯರಿನ ತೂರಾಟ, ಮೂರೂ ಕೂಡಿದಲ್ಲಿ ತಾಳ ಎಲ್ಲಿದೆ ಎಂಬುದು ಸ್ವತಃ ಕಲಾವಿದನಿಗೂ ಗೊತ್ತಾಗಲಾರದು.

ನಮ್ಮ ಕಡೆ ಕ್ಯಾಸೆಟ್ಟಿಗೆ ಇಷ್ಟೆಲ್ಲ ಉಪಚಾರ ಮಾಡಿದವರಿಲ್ಲ. ಸಿಕ್ಕುಬಿದ್ದ ರೀಲಿಗೆ ಪೆನ್ಸಿಲ್, ಅದಕ್ಕೂ ಬಗ್ಗದಿದ್ದರೆ ಜೋಳದ ಹೊಲ. ಕಾಳು ಕಟ್ಟುವ ಹೊತ್ತಿಗೆ ಆ ರೀಲನ್ನು ಗೂಟದಿಂದ ಗೂಟಕ್ಕೆ ಬಿಗಿದು, ನಡುವೆ ಎರಡು ತಿರುವು ಕೊಟ್ಟು ಕಟ್ಟುತ್ತಿದ್ದರು. ಗಾಳಿ ಬೀಸಿದಾಗ ಅದು ಒಂದೇ ಶ್ರುತಿಯಲ್ಲಿ ಭೊಂಯ್ ಎಂದು ಮೊರೆಯುತ್ತದೆ. ಡ್ರೋನ್ ಸಂಗೀತವೇ, ಅಲ್ಲವೇ? ಹೆಡ್ಡಿಲ್ಲ, ಬೆಲ್ಟಿಲ್ಲ, ನಂಬರಿಲ್ಲ. ಮೊರೆತ ಶುರುವಾದ ಕ್ಷಣಕ್ಕೆ ತೆನೆಯ ಮೇಲೆ ಕೂತ ಶ್ರೋತೃಗಳೆಲ್ಲ ಒಟ್ಟಿಗೆ ಎದ್ದು ಹಾರಿಹೋಗುತ್ತಿದ್ದರು, ಯಾವುದೇ ಒಳ್ಳೆಯ ನಾಯ್ಸ್ ಕಛೇರಿಯಲ್ಲಿ ಆಗುವಂತೆ.