ಐದು ಡಾಲರಿಗೆ ಒಂದು ಮುಖ

ಹೋದ ತಿಂಗಳು ಆಫೀಸಿನ ಗೆಳೆಯನೊಬ್ಬ ಮನೆ ಬದಲಾಯಿಸುವಾಗ ಎರಡು ದೊಡ್ಡ ಡಬ್ಬ ತಂದು ನನ್ನ ಕಾರಿನಲ್ಲಿಟ್ಟ. ಎರಡರ ತುಂಬಾ ಬೇಸ್‌ಬಾಲ್ ಕಾರ್ಡು, ಅಂದರೆ ಆಟಗಾರರ ಚಿತ್ರವಿರುವ ರಟ್ಟಿನ ಚೀಟಿಗಳು. 1988ರಿಂದ 1991ರವರೆಗಿನವು. "ಮಗನಿಗೆ ಕೊಡು, ಆಡ್ಕೊಳ್ಳಲಿ" ಅಂದ.

ನ್ಯೂಜೆರ್ಸಿಗೆ ಬಂದು ಇಷ್ಟು ವರ್ಷವಾದರೂ ಬೇಸ್‌ಬಾಲ್ ನನಗೆ ಅಷ್ಟಕ್ಕಷ್ಟೇ. ಆದರೆ ಕಾರ್ಡಿನ ಬೆಲೆ ಗೊತ್ತಿತ್ತು. ಹಳೇ ಸ್ಟಾರ್ ಆಟಗಾರ ಮಿಕಿ ಮ್ಯಾಂಟಲ್‌ನ 1952ರ ಕಾರ್ಡೊಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಗಿತ್ತು. ಸಣ್ಣ ಆಸೆ ಇಟ್ಟುಕೊಂಡು ಕಾರ್ಡಿನ ಅಂಗಡಿಗೆ ಹೋದೆ. ಅಂಗಡಿಯಾತ ಡಬ್ಬದ ಮುಚ್ಚಳ ಕೂಡ ತೆಗೆಯಲಿಲ್ಲ. ಇಸವಿ ಕೇಳಿದ, ನಕ್ಕ, ಅಷ್ಟೇ.

ಆ ನಗು ನನ್ನನ್ನು ಒಂದು ತಿಂಗಳು ಓದಿಸಿತು.

ಬಿಗ್ ಫನ್ ಬಬಲ್ ಗಮ್ ನೆನಪಿದೆಯಾ? ಒಳಗೆ ಕ್ರಿಕೆಟ್ ಆಟಗಾರರ ಚಿತ್ರ ಬರುತ್ತಿತ್ತು. ಗಮ್ಮಿನ ರುಚಿ ನನಗೆ ಈಗ ನೆನಪೇ ಇಲ್ಲ, ಚಿತ್ರ ಮಾತ್ರ ನೆನಪಿದೆ. ಅಮೆರಿಕದಲ್ಲೂ ಕಥೆ ಇದೇ. ಶುರುವಿನಲ್ಲಿ ಸಿಗರೇಟು ಪ್ಯಾಕಿನೊಳಗೆ ಕಾರ್ಡು ಹಾಕುತ್ತಿದ್ದರು, ಆಮೇಲೆ ಗಮ್ ಜೊತೆ. 1933ರಲ್ಲಿ ಬಾಸ್ಟನ್ನಿನ ಗೌಡಿ ಕಂಪನಿ 240 ಕಾರ್ಡಿನ ಸೆಟ್ ಮಾಡಿತು. ಅದರಲ್ಲಿ 106ನೇ ನಂಬರ್ ಯಾವ ಪ್ಯಾಕಿನಲ್ಲೂ ಇರಲಿಲ್ಲ! ಪಾಪ ಹುಡುಗರು ಅದೊಂದಕ್ಕೋಸ್ಕರ ಗಮ್ ಜಗಿದು ಜಗಿದು ದವಡೆ ನೋಯಿಸಿಕೊಂಡಿರಬೇಕು. ಕಾಗದ ಬರೆದು ದೂರಿದವರಿಗೆ ಮರುವರ್ಷ ನ್ಯಾಪ್ ಲಾಜೊಯ್ ಎಂಬ ಆಟಗಾರನ ಆ ಕಾರ್ಡನ್ನು ಅಂಚೆಯಲ್ಲಿ ಕಳಿಸಿದರಂತೆ.

ನಿಜವಾದ ಜಗಳ ನಡೆದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಒಂದು ಕಡೆ ಫಿಲಡೆಲ್ಫಿಯಾದ ಬೋಮನ್ ಗಮ್ ಕಂಪನಿ. 1948ರಿಂದಲೇ ಬೇಸ್‌ಬಾಲ್ ಕಾರ್ಡು ಮಾಡುತ್ತಿತ್ತು, ಆಟಗಾರರ ಜೊತೆ ಕರಾರು ಇತ್ತು. ಇನ್ನೊಂದು ಕಡೆ ಬ್ರೂಕ್ಲಿನ್ನಿನ ಟಾಪ್ಸ್. ಶೋರಿನ್ ಅಣ್ಣತಮ್ಮಂದಿರ ಕಂಪನಿ, ಬಜೂಕಾ ಗಮ್ ಮಾಡುತ್ತಿದ್ದವರು. ಅಲ್ಲಿ ಸೈ ಬರ್ಗರ್ ಎಂಬಾತ ತನ್ನ ಮನೆಯ ಅಡುಗೆಮನೆ ಮೇಜಿನ ಮೇಲೆ ಕತ್ತರಿ, ರಟ್ಟು ಹರಡಿಕೊಂಡು 1952ರ ಸೆಟ್ ವಿನ್ಯಾಸ ಮಾಡಿದ. 407 ಕಾರ್ಡು. ದೊಡ್ಡ ಅಳತೆ, ಢಾಳಾದ ಬಣ್ಣ, ತಂಡದ ಲಾಂಛನ, ಹಿಂದೆ ಅಂಕಿಅಂಶ. ಅದರ ಮುಂದೆ ಬೋಮನ್ ಕಾರ್ಡು ಅಂಚೆಚೀಟಿಯ ಅಣ್ಣನ ಹಾಗೆ ಕಾಣುತ್ತಿತ್ತು.

ಬೋಮನ್ ಸುಮ್ನೆ ಕೂರಲಿಲ್ಲ. 1953ರಲ್ಲಿ ನಿಜವಾದ ಕಲರ್ ಫೋಟೋ ಬಳಸಿ ಕಾರ್ಡು ಮಾಡಿತು. ಮುಂಭಾಗದಲ್ಲಿ ಹೆಸರಿಲ್ಲ, ತಂಡವಿಲ್ಲ, ಬರೀ ಫೋಟೋ. ಒಂದರಲ್ಲಿ ಪೀ ವೀ ರೀಸ್ ಎಂಬ ಆಟಗಾರ, ಕೆಳಗೆ ಜಾರಿಕೊಂಡು ಬರುತ್ತಿರುವ ಆಟಗಾರನ ಮೇಲೆ ಗಾಳಿಯಲ್ಲಿ ಹಾರಿದ್ದಾನೆ. ಒಂದ್ಸಲ ಹುಡುಕಿ ನೋಡಿ. ಎಪ್ಪತ್ತು ವರ್ಷದ ನಂತರವೂ ಅಷ್ಟು ಚಂದದ ಕಾರ್ಡು ಬಂದಿಲ್ಲ ಅಂತ ನನ್ನ ಅಭಿಪ್ರಾಯ. ಟಾಪ್ಸ್ ಅಭಿಮಾನಿಗಳು ಜಗಳಕ್ಕೆ ಬರಬಹುದು, ಬರಲಿ.

ಆದರೆ ಗೆದ್ದಿದ್ದು ಚಂದದ ಕಾರ್ಡಲ್ಲ, ಸಹಿ. ಟಾಪ್ಸ್‌ನವರು ಇನ್ನೂ ದೊಡ್ಡ ಲೀಗಿಗೆ ಬಾರದ ಹುಡುಗರ ಬಳಿಯೇ ಹೋಗುತ್ತಿದ್ದರು. ಐದು ಡಾಲರ್ ಕೈಗಿಟ್ಟು, ಕಾರ್ಡಿನಲ್ಲಿ ಚಿತ್ರ ಹಾಕುವ ಕರಾರಿಗೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ಆಟಗಾರರ ಬಾಯಲ್ಲಿ ಅದು ಊಟದ ದುಡ್ಡು. ಹೊಟ್ಟೆ ಹಸಿದ ಇಪ್ಪತ್ತರ ಹುಡುಗ ಕರಾರು ಓದುತ್ತಾನಾ?

ಆಟಗಾರರ ಚಿತ್ರ ಯಾರದು ಅಂತ ಬೋಮನ್, ಟಾಪ್ಸ್ ಇಬ್ಬರ ಜಗಳ ಕೋರ್ಟಿಗೂ ಹೋಯಿತು. ಅಷ್ಟರಲ್ಲಿ ಬೋಮನ್ ಕಂಪನಿಯ ಹೆಸರು ಹೇಲನ್ ಲ್ಯಾಬೊರೇಟರೀಸ್ ಅಂತ ಬದಲಾಗಿತ್ತು. 1953ರಲ್ಲಿ ನ್ಯಾಯಾಧೀಶ ಜೆರೋಮ್ ಫ್ರಾಂಕ್ ಒಂದು ಹೊಸ ಮಾತು ಹೇಳಿದರು. ಅಲ್ಲಿಯವರೆಗೆ 'ನನ್ನ ಪಾಡಿಗೆ ನನ್ನನ್ನು ಬಿಡಿ' ಅನ್ನುವ ಖಾಸಗಿತನದ ಹಕ್ಕು ಮಾತ್ರ ಇತ್ತು. ಹಾಗಲ್ಲ, ಮನುಷ್ಯನ ಚಿತ್ರಕ್ಕೇ ಒಂದು ಬೆಲೆ ಇದೆ, ಅದನ್ನು ಯಾರಿಗೆ ಕೊಡಬೇಕು ಅನ್ನುವ ಹಕ್ಕು ಅವನದು ಎಂದರು. ಅದಕ್ಕೆ 'ರೈಟ್ ಆಫ್ ಪಬ್ಲಿಸಿಟಿ' ಎಂದು ಹೆಸರಿಟ್ಟರು. 2022ರಲ್ಲಿ ಅಮಿತಾಭ್ ಬಚ್ಚನ್ ದೆಹಲಿ ಹೈಕೋರ್ಟಿಗೆ ಹೋಗಿ, ನನ್ನ ಹೆಸರು, ದನಿ, ಚಿತ್ರವನ್ನು ಕೇಳದೆ ಬಳಸಬಾರದು ಎಂದು ಆದೇಶ ತಂದರಲ್ಲ, ಅಂಥ ವಾದದ ಹಳೇ ಬೇರು ಹುಡುಕಿದರೆ ಬಬಲ್ ಗಮ್ ಸಿಗುತ್ತದೆ!

ತೀರ್ಪು ಬೋಮನ್ ಕಡೆಗೇ ವಾಲಿತ್ತು. ಆದರೆ ಕೇಸು ಗೆದ್ದವರು ಅಂಗಡಿ ಮುಚ್ಚುವುದನ್ನು ನಾವೂ ನೋಡಿಲ್ವಾ? ಬೋಮನ್‌ನ 1955ರ ಸೆಟ್ಟಿನಲ್ಲಿ ಆಟಗಾರರ ಜೊತೆ ಅಂಪೈರ್‌ಗಳ ಕಾರ್ಡೂ ಇದ್ದವು. ಸುತ್ತ ಟಿವಿ ಪೆಟ್ಟಿಗೆಯ ಹಾಗೆ ಕಟ್ಟಿಗೆಯ ಚೌಕಟ್ಟು. ನನಗಂತೂ ಇಷ್ಟ. ಯಾವ ಹುಡುಗ ಅಂಪೈರ್ ಕಾರ್ಡಿಗೆ ಕಾಸು ಕೊಡುತ್ತಾನೆ, ಅದು ಬೇರೆ ಮಾತು. 1956ರಲ್ಲಿ ಟಾಪ್ಸ್ 2 ಲಕ್ಷ ಡಾಲರಿಗೆ ಬೋಮನ್ ಕೊಂಡುಕೊಂಡಿತು.

ಆಮೇಲೆ ಕಾಲು ಶತಮಾನ ಟಾಪ್ಸ್ ಆಡಿದ್ದೇ ಆಟ. ಮಾರಾಟವಾಗದೆ ಉಳಿದಿದ್ದ 1952ರ ಕಾರ್ಡುಗಳನ್ನು ಬರ್ಗರ್ 1960ರಲ್ಲಿ ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದ. ಮ್ಯಾಂಟಲ್‌ಗಳೂ ಅದರ ಜೊತೆ ಮುಳುಗಿದವು. ಟಾಪ್ಸ್ ಆಟಗಾರರಿಗೆ ಕೊಡುತ್ತಿದ್ದದ್ದು ವರ್ಷಕ್ಕೆ 125 ಡಾಲರ್. 1966ರಲ್ಲಿ ಮಾರ್ವಿನ್ ಮಿಲ್ಲರ್ ಆಟಗಾರರ ಸಂಘಕ್ಕೆ ಬಂದ ಮೇಲೆ ಲೆಕ್ಕ ಕೇಳಿದರು. ಟಾಪ್ಸ್ ಬಗ್ಗಲಿಲ್ಲ. ಆಟಗಾರರು ಅವರ ಕ್ಯಾಮೆರಾ ಮುಂದೆ ನಿಲ್ಲುವುದನ್ನೇ ಬಿಟ್ಟರು. ಕೊನೆಗೆ ದುಡ್ಡು ಎರಡು ಪಟ್ಟಾಯಿತು, ಮಾರಾಟದಲ್ಲಿ ಪಾಲೂ ಸಿಕ್ಕಿತು. ಈ ಇಡೀ ಕಥೆಯಲ್ಲಿ ನನಗೆ ಚಪ್ಪಾಳೆ ತಟ್ಟಬೇಕು ಅನ್ನಿಸಿದ್ದು ಇಲ್ಲಿ.

ಫಿಲಡೆಲ್ಫಿಯಾದ ಇನ್ನೊಂದು ಗಮ್ ಕಂಪನಿ ಫ್ಲೀರ್ ಕಥೆ ನಗು ತರಿಸುತ್ತದೆ. ಗಮ್ ಜೊತೆ ಕಾರ್ಡು ಮಾರುವ ಹಕ್ಕು ಟಾಪ್ಸ್‌ದು ಅಂತ 1963ರಲ್ಲಿ ಅವರು ಪ್ಯಾಕಿನೊಳಗೆ ಕುಕಿ ಇಟ್ಟರು. ಟಾಪ್ಸ್ ಅದನ್ನೂ ತಡೆಯಿತು. 1975ರಲ್ಲಿ ಫ್ಲೀರ್ ಕೋರ್ಟಿಗೆ ಹೋಯಿತು. 1980ರಲ್ಲಿ ಗೆದ್ದಾಗ ಸಿಕ್ಕ ಪರಿಹಾರ 1 ಡಾಲರ್. ಕಾನೂನಿನ ಪ್ರಕಾರ ಮೂರು ಪಟ್ಟು ಮಾಡಿ 3 ಡಾಲರ್! ಮರುವರ್ಷ ಫ್ಲೀರ್, ಜೊತೆಗೆ ಡಾನ್‌ರಸ್ ಎಂಬ ಇನ್ನೊಂದು ಕಂಪನಿ, ಇಬ್ಬರೂ ಕಾರ್ಡಿನ ಪೇಟೆಗೆ ಬಂದರು. ಅಷ್ಟರಲ್ಲಿ ಮೇಲಿನ ಕೋರ್ಟು ಆ ತೀರ್ಪನ್ನು ತಿರುಗಿಸಿತು. ಗಮ್ ಮತ್ತೆ ಟಾಪ್ಸ್ ಪಾಲು. 1982ರಲ್ಲಿ ಫ್ಲೀರ್ ಗಮ್ ಬದಲು ಸ್ಟಿಕರ್ ಹಾಕಿತು, ಡಾನ್‌ರಸ್ ಜಿಗ್‌ಸಾ ತುಂಡು ಹಾಕಿತು. ಮಕ್ಕಳಿಗೆ ಅದೇ ಸಾಕಾಯಿತು.

ಆಮೇಲೆ ಸ್ಕೋರ್ ಎಂಬ ಹೊಸ ಕಾರ್ಡು ಬಂತು, 1989ರಲ್ಲಿ ಹೊಲೊಗ್ರಾಮ್ ಅಂಟಿಸಿಕೊಂಡು ಅಪ್ಪರ್ ಡೆಕ್ ಬಂತು. ಹಳೇ ಕಾರ್ಡಿನ ಬೆಲೆ ಕೇಳಿದ ಜನ ಹೊಸ ಕಾರ್ಡನ್ನು ಡಬ್ಬಗಟ್ಟಲೆ ಕೊಂಡು ಅಟ್ಟಕ್ಕೆ ಹಾಕಿದರು. ಕಂಪನಿಗಳು ಪೈಪೋಟಿಯಲ್ಲಿ ಅಚ್ಚು ಹಾಕಿದ್ದೇ ಹಾಕಿದ್ದು. ಎಲ್ಲರೂ ಜೋಪಾನ ಮಾಡಿದ ಕಾರ್ಡಿಗೆ ಬೆಲೆ ಎಲ್ಲಿಂದ ಬರಬೇಕು? ಕಾರ್ಡಿಗೆ ಕಲೆ ಆಗುತ್ತದೆ ಅಂತ 90ರ ದಶಕದಲ್ಲಿ ಟಾಪ್ಸ್ ತನ್ನ ಗಮ್ಮನ್ನೂ ತೆಗೆದುಹಾಕಿತು. ಇಷ್ಟು ಹೊಡೆದಾಡಿ ಉಳಿಸಿಕೊಂಡ ಗಮ್ಮು ಕಣ್ರೀ! 1994ರಲ್ಲಿ ಆಟಗಾರರ ಮುಷ್ಕರ ಬಂತು, ಜನಕ್ಕೆ ಆಟದ ಮೇಲೇ ಬೇಸರ ಬಂತು. 2005ರಲ್ಲಿ ಫ್ಲೀರ್ ಬಾಗಿಲು ಹಾಕಿತು. 2021ರಲ್ಲಿ ಕಾರ್ಡು ಮಾಡುವ ಮುಂದಿನ ಹಕ್ಕುಗಳನ್ನೆಲ್ಲ ಫನಾಟಿಕ್ಸ್ ಎಂಬ ಕ್ರೀಡಾ ಸಾಮಗ್ರಿ ಕಂಪನಿ ಪಡೆಯಿತು, ಟಾಪ್ಸ್‌ಗೇ ಕಾಲು ನಿಲ್ಲಲು ನೆಲವಿಲ್ಲದಂತಾಯಿತು. 2022ರ ಜನವರಿಯಲ್ಲಿ ಟಾಪ್ಸ್ ಅನ್ನೂ ಅದೇ ಕಂಪನಿ ಕೊಂಡಿತು. ಈ ಸಲ ಹಕ್ಕು ಬರೆದುಕೊಟ್ಟವರಲ್ಲಿ ಆಟಗಾರರ ಸಂಘವೂ ಒಂದು. ಮಿಲ್ಲರ್ ಇದ್ದಿದ್ದರೆ ಏನನ್ನುತ್ತಿದ್ದರೋ.

ನನ್ನ ಡಬ್ಬದಲ್ಲಿ 1989ರ ಬೋಮನ್ ಕಾರ್ಡುಗಳೂ ಇವೆ. ಮೂವತ್ತು ವರ್ಷ ಸುಮ್ಮನಿಟ್ಟಿದ್ದ ಆ ಹೆಸರನ್ನು ಟಾಪ್ಸ್ ಆ ವರ್ಷ ಮತ್ತೆ ಹೊರತೆಗೆದಿತ್ತು, ಅದೂ 1953ರ ಹಳೇ ಅಳತೆಯಲ್ಲೇ. ಬೇರೆ ಕಾರ್ಡುಗಳಿಗಿಂತ ಕಾಲಿಂಚು ಉದ್ದ. ಮಗ ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಯ ಜೇಬಿಗೆ ತುಂಬಿಸುತ್ತಿದ್ದ. "ಅಪ್ಪಾ, ಇವು ಒಳಗೆ ಹೋಗ್ತಾನೇ ಇಲ್ಲ" ಅಂತ ತಂದು ನನ್ನ ಮೇಜಿನ ಮೇಲಿಟ್ಟು ಹೋದ. ಅಲ್ಲೇ ಇವೆ.