ಸತ್ಯಾಂಶ: ಕ್ವಿಜ್ ಮೋಸಕ್ಕೆ ವ್ಯಾನ್ ಡೋರೆನ್ ಜೈಲಿಗೆ ಹೋಗಲಿಲ್ಲ

‘ಅಮೆರಿಕದ “ಟ್ವೆಂಟಿ ಒನ್” ಟಿವಿ ಕ್ವಿಜ್‌ನಲ್ಲಿ ಮೋಸದಿಂದ ಗೆದ್ದ ಚಾರ್ಲ್ಸ್ ವ್ಯಾನ್ ಡೋರೆನ್ ಜೈಲು ಸೇರಿದ’ ಎಂಬ ಫಾರ್ವರ್ಡ್ ಅರ್ಧ ಸತ್ಯ. ಮೋಸವೇನೋ ನಿಜ. ನಿರ್ಮಾಪಕರು ಸ್ಪರ್ಧಿಗಳಿಗೆ ಉತ್ತರಗಳನ್ನು ಮೊದಲೇ ಹೇಳಿಕೊಡುತ್ತಿದ್ದರು. ಎಲ್ಲಿ ತಡವರಿಸಬೇಕು, ಹಣೆಯ ಬೆವರು ಹೇಗೆ ಒರೆಸಿಕೊಳ್ಳಬೇಕು ಎಂಬುದಕ್ಕೂ ತಾಲೀಮು! 1956ರ ಡಿಸೆಂಬರ್ 5ರಂದು ವ್ಯಾನ್ ಡೋರೆನ್‌ನ ಎದುರಾಳಿ ಹರ್ಬ್ ಸ್ಟೆಂಪೆಲ್, ಚೆನ್ನಾಗಿ ಗೊತ್ತಿದ್ದ ‘ಮಾರ್ಟಿ’ ಎಂಬ ಉತ್ತರ ನುಂಗಿಕೊಂಡು ಬೇಕೆಂದೇ ತಪ್ಪು ಹೇಳಿದ. ಮತ್ತೊಬ್ಬ ಸ್ಪರ್ಧಿ ಜೇಮ್ಸ್ ಸ್ನಾಡ್‌ಗ್ರಾಸ್ ಇನ್ನೂ ಜಾಣ: ಕಾರ್ಯಕ್ರಮಕ್ಕೆ ಮುಂಚೆಯೇ ಉತ್ತರ ಬರೆದು ತನಗೇ ರಿಜಿಸ್ಟರ್ಡ್ ಪೋಸ್ಟ್ ಮಾಡಿಕೊಂಡ. ಒಡೆಯದ ಲಕೋಟೆಯ ಮೇಲಿನ ಅಂಚೆ ಮುದ್ರೆಯೇ ಸಾಕ್ಷಿಯಾಯಿತು.

ಆದರೆ ಕ್ವಿಜ್ ಫಿಕ್ಸಿಂಗ್ ಆಗ ಅಪರಾಧವೇ ಅಲ್ಲ. ನಿಷೇಧ ಬಂದದ್ದು 1960ರಲ್ಲಿ. ವ್ಯಾನ್ ಡೋರೆನ್ ಸಿಕ್ಕಿಬಿದ್ದದ್ದು ಗ್ರ್ಯಾಂಡ್ ಜ್ಯೂರಿ (ಮೊಕದ್ದಮೆ ಹೂಡಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಮುಂದೆ ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ. 1962ರಲ್ಲಿ ತಪ್ಪೊಪ್ಪಿಕೊಂಡ, ನ್ಯಾಯಾಲಯ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು.