ಕಾರಿಗೂ ಆರು ತಿಂಗಳು, ಗಂಡನಿಗೂ ಆರು ತಿಂಗಳು

ಶಾರ್ಜಾದಲ್ಲಿ ನಾವಿರೋದು ವೀಸಾ ಮೇಲೆ, ಆ ವರ್ಷ ಹಾಸನದಲ್ಲಿ ನಮ್ಮ ಕಾರು ಇದ್ದಿದ್ದೂ ಒಂಥರಾ ವೀಸಾ ಮೇಲೇನೇ, ಮತ್ತೆ ಇಬ್ಬರಿಗೂ ಗಡುವು ಆರೇ ತಿಂಗಳು. ಇಷ್ಟು ತಲೆಗೆ ಹೋದ್ರೆ ಮಿಕ್ಕಿದ್ದೆಲ್ಲ ಸಲೀಸು. ನಮ್ಮತ್ತೆಗೆ ಮಾತ್ರ ಕೊನೇವರೆಗೂ ಹೋಗ್ಲಿಲ್ಲ. "ನಮ್ಮ ಮಗ, ನಮ್ಮ ಮನೆ, ನಮ್ಮ ಕಾರು, ಆರು ತಿಂಗಳು ಅಂತ ಹೇಳೋಕೆ ಅವನ್ಯಾವನಮ್ಮ?" ಅಂತ ದಿನಾ ಬೆಳಿಗ್ಗೆ ಕಾಫಿ ಜೊತೆ ಕೇಳೋರು.

ಆಗಿದ್ದು ಏನಪ್ಪ ಅಂದ್ರೆ, ಮಾವನಿಗೆ ಮಂಡಿ ಆಪರೇಶನ್ನು, ನಮ್ಮನೆಯವರ ಕಂಪ್ನೀಲಿ ಕೆಲಸ ಕಮ್ಮಿ, ಸಂಬಳ ಇಲ್ದಿರೋ ರಜಾ ಎಷ್ಟು ಬೇಕಾದ್ರೂ ತಗೊಳ್ಳಿ ಅಂತ ಅವರು ತುದಿಗಾಲಲ್ಲಿ ನಿಂತಿದ್ರು, ಸರಿ ಜುಲೈಯಲ್ಲಿ ಹೊರಟ್ವಿ. ಅಷ್ಟು ದಿನ ಕಾರು ಬಿಸಿಲಲ್ಲಿ ನಿಂತು ಹಾಳಾಗತ್ತೆ ಅಂತ ನಮ್ಮನೆಯವರಿಗೆ ಸಂಕಟ. ಮಕ್ಕಳ ಸ್ಕೂಲಿನ ಬಗ್ಗೆ ಅಷ್ಟು ಸಂಕಟ ಆಗ್ಲಿಲ್ಲ, ಅದು ಬೇರೆ ವಿಷಯ. ಪಕ್ಕದ ಫ್ಲಾಟಿನ ಮಲಯಾಳಿ ಒಬ್ಬರು "ಕಾರ್ನೆಟ್ ಮಾಡ್ಸಿ, ಊರಿಗೇ ತಗೊಂಡೋಗಿ" ಅಂತ ಕಿವೀಲಿ ಊದಿದ್ರು. ಅವರ ಕಡೆ ಗಲ್ಫ್ ನಂಬರ್ ಪ್ಲೇಟಿನ ಕಾರು ಬೀದೀಲಿ ಓಡಾಡೋದು ಮಾಮೂಲು. ಹಾಸನದಲ್ಲಿ ಅಲ್ವಲ್ಲ!

ಕಾರ್ನೆಟ್ ಅಂದ್ರೆ ಕಾರಿನ ಪಾಸ್‌ಪೋರ್ಟು. ಅಲ್ಲಿನ ಆಟೋಮೊಬೈಲ್ ಕ್ಲಬ್ಬಲ್ಲಿ ದೊಡ್ಡ ಡೆಪಾಸಿಟ್ ಇಟ್ರೆ ಒಂದು ಪುಸ್ತಕ ಕೊಡ್ತಾರೆ. ಅದರ ಒಂದೊಂದು ಹಾಳೇಲೂ ಮೂರು ತುಂಡು. ಕಾರು ದೇಶದೊಳಗೆ ಬಂದಾಗ ಕಸ್ಟಮ್ಸಿನೋರು ಸೀಲ್ ಹಾಕಿ ಒಂದು ತುಂಡು ಹರ್ಕೊಳ್ತಾರೆ, ಹೊರಗೆ ಹೋಗುವಾಗ ಇನ್ನೊಂದು, ಮೂರನೇದು ಎರಡೂ ಸೀಲಿನ ಸಮೇತ ನಮ್ಮ ಹತ್ರ ಉಳಿಯತ್ತೆ, ಅದನ್ನ ತೋರ್ಸಿದ್ರೇನೇ ಡೆಪಾಸಿಟ್ ವಾಪಸ್. ಹೊರಗೆ ಹೋದ ಸೀಲ್ ಇಲ್ಲ ಅಂದ್ರೆ ಕಾರು ಇಲ್ಲೇ ಮಾರ್ಕೊಂಡ್ರು ಅಂತ ಲೆಕ್ಕ, ಡ್ಯೂಟಿ ಕಟ್ಟಿ ಅಂತಾರೆ. ನಮ್ಮ ದೇಶದಲ್ಲಿ ಹೊರಗಿಂದ ತಂದ ಕಾರಿನ ಡ್ಯೂಟಿ ಕೇಳಿದ್ರೆ ಕಾರಿನ ರೇಟೇ ವಾಸಿ ಅನ್ಸತ್ತೆ. ಪುಸ್ತಕಕ್ಕೆ ಒಂದು ವರ್ಷ ಆಯಸ್ಸು, ಆದ್ರೆ ಡ್ಯೂಟಿ ಇಲ್ದೆ ಇಲ್ಲಿ ಇಟ್ಕೊಳ್ಳೋಕೆ ಬಿಡೋದು ಆರೇ ತಿಂಗಳು. ಮಾರೋ ಹಾಗಿಲ್ಲ, ಬಾಡಿಗೆಗೆ ಬಿಡೋ ಹಾಗಿಲ್ಲ, ಕಂಡಕಂಡೋರ ಕೈಗೆ ಕೀ ಕೊಡೋ ಹಾಗಿಲ್ಲ.

ಈ ಕೊನೇ ರೂಲಿಂದ ನಮ್ಮ ಚಿಕ್ಕಮಾವನ ಜೊತೆ ಮಾತು ಬಿಟ್ಟುಹೋಯ್ತು. ಅವರ ಮಗಳ ಮದ್ವೇಲಿ ಗಂಡನ್ನ ಕರ್ಕೊಂಬರೋಕೆ ನಮ್ಮ ಕಾರಿಗೆ ಹೂವಿನ ಅಲಂಕಾರ ಮಾಡ್ಸೋದು ಅಂತ ಅವರೇ ಊರೆಲ್ಲ ಹೇಳ್ಕೊಂಡು ಬಂದಿದ್ರು. ನಮ್ಮನೆಯವರು ಕಾರ್ನೆಟ್ ಪುಸ್ತಕ ಬಿಚ್ಚಿ ತೋರ್ಸಿ, ನಾನೇ ಓಡಿಸ್ಕೊಂಡು ಬರ್ತೀನಿ ಅಂದ್ರು. "ನನ್ನ ಮಗಳ ಮದ್ವೇಗೆ ನೀನು ಡ್ರೈವರಾ? ಜನ ಏನಂತಾರೆ? ಕೊಡೋಕೆ ಮನಸ್ಸಿಲ್ಲ ಅನ್ಲಾ, ಪುಸ್ತಕ ಯಾಕೆ ತೋರಿಸ್ತೀಯ" ಅಂದ್ರು. ಇನ್ನೂ ಹಾಗೇ ಇದೆ ಅದು.

ಕೊಚ್ಚಿ ಬಂದರಲ್ಲಿ ಕಾರು ಇಳಿಸ್ಕೊಂಡು ವಯನಾಡಿನ ಮೇಲೆ ಬಂದ್ವಿ, ಬಂಡೀಪುರದ ಕಾಡು ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್ ಅನ್ನೋದು ಗೊತ್ತಿದ್ರಿಂದ ಸುಲ್ತಾನ್ ಬತ್ತೇರಿ ಊರಲ್ಲೇ ಮಲಗಿದ್ವಿ. ಅಲ್ಲಿವರೆಗೆ ಆರಾಮ. ಮೈಸೂರು ದಾಟಿ ಹೊಳೆನರಸೀಪುರದ ರಸ್ತೆಗೆ ಬಂದ ಮೇಲೆ ಶುರುವಾಯ್ತು ನನ್ನ ಡ್ಯೂಟಿ. ಸ್ಟೇರಿಂಗ್ ಎಡಗಡೆ ತಾನೆ, ಮುಂದೆ ಒಂದು ಲಾರಿ ಇದ್ರೆ ಓಡಿಸೋರಿಗೆ ಕಾಣೋದು ಆ ಲಾರಿ ಹಿಂಬದಿ ಬರೆದಿರೋ "ಹಾರ್ನ್ ಮಾಡಿ" ಮಾತ್ರ, ಎದುರಿಗೆ ಏನ್ ಬರ್ತಿದೆ ಅನ್ನೋದು ಬಲಗಡೆ ಕೂತ ನನಗೇ ಕಾಣೋದು. "ಈಗ ಬೇಡ, ಈಗ ಬೇಡ, ಹ್ಞೂಂ ಹೋಗಿ, ಅಯ್ಯೋ ಬೇಡ ರೀ ಕೆಂಪು ಬಸ್ಸು!" ಮದ್ವೆ ಆದಾಗಿಂದ ಇವರು ನನ್ನ ಮಾತು ಅಷ್ಟು ಗಮನ ಇಟ್ಟು ಕೇಳಿದ್ದು ಆ ರಸ್ತೇಲೇ.

ಬೆಂಗಳೂರು ರಸ್ತೆಯ ಶಾಂತಿಗ್ರಾಮದ ಟೋಲಿಗೆ ಹೋದಾಗ ಇನ್ನೊಂಥರಾ. ಗಾಜು ಇಳ್ಸಿ ಕೈ ಚಾಚೋಳು ನಾನು. ಟೋಲಿನ ಹುಡುಗ ನನ್ನ ಮುಖ ನೋಡ್ದ, ನನ್ನ ಮಡಿಲಲ್ಲಿದ್ದ ಚಿಪ್ಸ್ ಪ್ಯಾಕೆಟ್ ನೋಡ್ದ, ಸ್ಟೇರಿಂಗ್ ಇರಬೇಕಾದ ಜಾಗ ನೋಡ್ದ. "ಮೇಡಂ... ಗಾಡಿ ಯಾರು ಓಡಿಸ್ತಾ ಇರೋದು?" ಇವರು ಆ ಕಡೆಯಿಂದ ಕೈ ಎತ್ತಿದ್ರು. ಫಾಸ್ಟ್‌ಟ್ಯಾಗ್ ಮಾಡಿಸೋಕೆ ನಮ್ಮ ನಂಬರ್ರು ಯಾರ ಕಂಪ್ಯೂಟರಲ್ಲೂ ಇಲ್ಲ, ಟ್ಯಾಗ್ ಇಲ್ಲ ಅಂದ್ರೆ ಆಗ ಕ್ಯಾಶಲ್ಲಿ ಡಬಲ್. ಹಿಂದೆ ಕ್ಯೂ ನಿಂತೋರೆಲ್ಲ ಹಾರ್ನ್ ಹೊಡೀತಿದ್ರೆ ಈ ಹುಡುಗ ಕ್ಯಾಬಿನಿಂದ ಇಳಿದು ಮುಂದೆ ಹೋಗಿ ಅರೇಬಿಕ್ ನಂಬರ್ ಪ್ಲೇಟಿನ ಫೋಟೋ ತಗೊಂಡು ಬಂದ.

ಎನ್.ಆರ್. ಸರ್ಕಲ್ಲಲ್ಲಿ ಟ್ರಾಫಿಕ್ ಪೊಲೀಸಣ್ಣ ಒಬ್ಬರು ನಿಲ್ಸಿದ್ರು. ತುಂಬ ಮರ್ಯಾದೆಯಿಂದಾನೇ. "ಸಾರ್, ಕೆಎ ಎಲ್ಲಿ ಸಾರ್?" ಇವರಿಗೆ ಇಂಥ ಗಳಿಗೆಗೋಸ್ಕರಾನೇ ಕಾಯ್ತಿದ್ದ ಹಾಗೆ ಫೈಲ್ ಹೊರಗೆ ಬಂತು. ಹೊರದೇಶದ ಖಾಸಗಿ ಗಾಡಿಗಳಿಗೆ ಅಂತ ಕೇಂದ್ರ ಸರ್ಕಾರ 2022ರಲ್ಲಿ ನಿಯಮ ಮಾಡಿದೆ, ರಿಜಿಸ್ಟ್ರೇಶನ್, ಲೈಸೆನ್ಸು, ಇನ್ಶೂರೆನ್ಸು, ಎಮಿಷನ್ ಸರ್ಟಿಫಿಕೇಟು ಇಟ್ಕೊಂಡಿರ್ಬೇಕು, ಇಂಗ್ಲಿಷಲ್ಲಿ ಇಲ್ದಿದ್ರೆ ದೃಢೀಕರಿಸಿದ ಇಂಗ್ಲಿಷ್ ತರ್ಜುಮೆ ಬೇಕು, ಅದರ ಪ್ರಿಂಟೌಟಿಗೂ ಹೈಲೈಟರ್ ಹಾಕಿಟ್ಟಿದ್ರು. ಪೊಲೀಸಣ್ಣ ಕಾರ್ನೆಟ್ ತಿರುವಿ ಹಾಕಿ "ಇದೇನ್ ಸಾರ್ ಚೆಕ್ ಬುಕ್ಕಾ" ಅಂದ್ರು. ಆಮೇಲೆ ಕೈಯಲ್ಲಿದ್ದ ಮಷೀನಿಗೆ ನಮ್ಮ ನಂಬರ್ ಹೊಡೆದ್ರು. ತಪ್ಪು ಅಂತು. ಮತ್ತೆ ಹೊಡೆದ್ರು. ತಪ್ಪು. "ಹೋಗಿ ಸಾರ್, ನಿಮಗೆ ಫೈನ್ ಹಾಕೋಕೆ ಇದ್ರಲ್ಲಿ ಜಾಗಾನೇ ಇಲ್ಲ" ಅಂದ್ರು, ಸ್ವಲ್ಪ ಬೇಜಾರಲ್ಲೇ.

ಈ ಮಧ್ಯೆ ಅಲ್ಲಿ ನಮ್ಮ ವೀಸಾಗಳ ಗೋಳು. ಯುಎಇ ಬಿಟ್ಟು ಒಂದೇ ಸಮ ಆರು ತಿಂಗಳಿಗಿಂತ ಜಾಸ್ತಿ ಹೊರಗಿದ್ರೆ ನಮ್ಮಂಥೋರ ರೆಸಿಡೆನ್ಸ್ ವೀಸಾ ತಾನಾಗೇ ಬಿದ್ದುಹೋಗತ್ತೆ. ಅದೂ ಅಲ್ದೆ ಇವರದ್ದು ಆ ಜನವರಿಗೇ ರಿನ್ಯೂವಲ್ಲು. ಅದನ್ನ ಹಾಸನದ ಸೋಫಾ ಮೇಲೆ ಕೂತು ಮಾಡೋಕಾಗಲ್ಲ, ಅಲ್ಲೇ ಹೋಗಿ ರಕ್ತ ಕೊಟ್ಟು, ಎದೆ ಎಕ್ಸ್‌ರೇ ತೆಗೆಸಿ, ಎಮಿರೇಟ್ಸ್ ಐಡಿಗೆ ಅರ್ಜಿ ಹಾಕಿ, ಇವರದ್ದು ಆದ ಮೇಲೆ ನಂದು, ಮಕ್ಕಳದ್ದು, ಯಾಕಂದ್ರೆ ನಾವೆಲ್ಲ ಇವರ ವೀಸಾಗೆ ಜೋತುಬಿದ್ದಿರೋ ಬಾವಲಿಗಳು. ನನ್ನ ವೀಸಾಗೆ ಅಂತ ನಮ್ಮ ಮ್ಯಾರೇಜ್ ಸರ್ಟಿಫಿಕೇಟು ಹಿಂದೆ ಬೆಂಗಳೂರಲ್ಲಿ ಸೀಲು, ವಿದೇಶಾಂಗ ಇಲಾಖೆ ಸೀಲು, ಎಂಬೆಸಿ ಸೀಲು ಹಾಕಿಸ್ಕೊಂಡಿದೆ, ಅಷ್ಟು ಸಾಕ್ಷಿ ನಮ್ಮ ಧಾರೆಗೂ ಇರ್ಲಿಲ್ಲ. ಇನ್ನು ಇವರ ಪಾಸ್‌ಪೋರ್ಟಲ್ಲಿ ಇನಿಷಿಯಲ್ ಬಿಡಿಸಿ ಬರೆಯುವಾಗ ಊರಿನ ಹೆಸರು ಸರ್‌ನೇಮ್ ಆಗಿ ಕೂತಿದೆ. ಶಾರ್ಜಾದಲ್ಲಿ ಸರ್ಕಾರಿ ಅರ್ಜಿ ತುಂಬಿಕೊಡೋ ಟೈಪಿಂಗ್ ಸೆಂಟರಲ್ಲಿ "ಮಿಸ್ಟರ್ ದುದ್ದ" ಅಂತ ಕೂಗಿದ್ರೆ ಇಡೀ ದುದ್ದ ಹೋಬಳಿ ಪರವಾಗಿ ಇವರು ಎದ್ದು ನಿಲ್ತಾರೆ.

ಕಾರಿನ ಮುಲ್ಕಿಯಾ, ಅಂದ್ರೆ ಅಲ್ಲಿನ ಆರ್‌ಸಿ, ಅದೂ ವರ್ಷವರ್ಷ ರಿನ್ಯೂ ಆಗ್ಬೇಕು, ಹಳೇ ಕಾರಾದ್ರೆ ತಗೊಂಡೋಗಿ ಪಾಸಿಂಗ್ ಟೆಸ್ಟ್ ಮಾಡಿಸ್ಬೇಕು. ಇನ್ಶೂರೆನ್ಸ್ ಮಾತ್ರ ಅಲ್ಲಿ 13 ತಿಂಗಳಿಗೆ ಕೊಡ್ತಾರೆ, ಮರೆಗುಳಿಗಳಿಗೆ ಅಂತ ಒಂದು ತಿಂಗಳು ಜಾಸ್ತಿ. ನಮ್ಮ ಸರ್ಕಾರಕ್ಕೂ ಯಾರಾದ್ರೂ ಇದನ್ನ ಹೇಳಬಾರ್ದಾ.

ದೀಪಾವಳಿ ಹೊತ್ತಿಗೆ ಹಾಸನಾಂಬೆ ಬಾಗಿಲು ತೆಗೆದ್ರು, ಊರು ತುಂಬ ಜನ. ದರ್ಶನಕ್ಕೆ ಬಂದ ನೆಂಟರು ನಮ್ಮನೇಲೇ ಮಲಗಿದ್ದು ಎದ್ದಿದ್ದು, ತಾಯಿ ಮುಂದೆ ಫೋಟೋ ತೆಗೆಯಕ್ಕಾಗದ ಬೇಜಾರನ್ನ ಗೇಟಿನ ಹತ್ರ ನಿಂತಿದ್ದ ಕಾರಿನ ಮುಂದೆ ತೀರಿಸ್ಕೊಂಡ್ರು. ದೂರದ ದೊಡ್ಡಪ್ಪ ಒಬ್ಬರು ಬಾನೆಟ್ ಸವರಿ, "ಇದು ಪೆಟ್ರೋಲ್ ಕುಡಿಯತ್ತಾ, ಇಲ್ಲ ಅಲ್ಲಿಂದಾನೇ ಕಳಿಸ್ತಾರಾ?" ಅಂದ್ರು.

ಡಿಸೆಂಬರಲ್ಲಿ ಇವರು ಕೊಚ್ಚಿಗೆ ಹೋಗಿ ಹೊರಗೆ ಹೋಗೋ ಸೀಲ್ ಹಾಕಿಸಿ, ಅದರ ಫೋಟೋನ ಮೊದಲನೇ ಮಗು ಹುಟ್ಟಿದಾಗ ಕಳ್ಸಿದ್ದಕ್ಕಿಂತ ಜಾಸ್ತಿ ಜನಕ್ಕೆ ವಾಟ್ಸಾಪ್ ಮಾಡಿದ್ರು. ಕಾರು ಹಡಗು ಹತ್ತಿತು. ನಮ್ಮ ಫ್ಲೈಟಿಗೆ ಇನ್ನೂ ಸ್ವಲ್ಪ ದಿನ ಇತ್ತು. ಅಷ್ಟೊತ್ತಿಗೆ ಕೋಲು ಹಿಡ್ಕೊಂಡು ಓಡಾಡ್ತಿದ್ದ ಮಾವ ಜಗಲಿ ಮೇಲಿಂದ, "ಅದೇನು ಪುಸ್ತಕ, ಅದೇನು ಸೀಲು, ಥೂ. ನನ್ನ ಮಾರುತಿ ತಗೊಂಡು ಓಡಾಡ್ಲಾ, ರಾಜನ ಹಂಗೆ" ಅಂದ್ರು.

ಮಾರನೇ ದಿನ ತರಕಾರಿಗೆ ಅಂತ ಹೊರಟ್ವಿ. ಬಲಗಡೆ ಸ್ಟೇರಿಂಗು, ನನಗೂ ಡ್ಯೂಟಿ ಇಲ್ಲ, ಹಾಯಾಗಿತ್ತು. ಎನ್.ಆರ್. ಸರ್ಕಲ್ಲಲ್ಲಿ ಅದೇ ಪೊಲೀಸಣ್ಣ. ನಮ್ಮನ್ನ ನೋಡಿ ಮುಖ ಅರಳ್ತು. "ಏನ್ ಸಾರ್, ಲೋಕಲ್ ಆಗ್ಬಿಟ್ರಲ್ಲ!" ಅಂತ ಕೆಎ-13 ನಂಬರನ್ನ ಮಷೀನಿಗೆ ಹೊಡೆದ್ರು. ಈ ಸಲ ಮಷೀನು ತಪ್ಪು ಅನ್ನಲಿಲ್ಲ. ಇನ್ಶೂರೆನ್ಸ್ ಮುಗಿದು ಯಾವ ಕಾಲ ಆಗಿದೆ, ಎಮಿಷನ್ ಇಲ್ಲ, 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಮಾಡಿಸ್ಬೇಕಾದ ರಿನ್ಯೂವಲ್ಲು ಒಂದ್ಸಲಾನೂ ಆಗಿಲ್ಲ, ಎಲ್ಲ ಒಂದರ ಹಿಂದೆ ಒಂದು ಬಂತು. ಪೊಲೀಸಣ್ಣ ಓದ್ತಾನೇ ಇದ್ರು.

ರಶೀದಿ ತಂದು ಮಾವನ ಮುಂದೆ ಇಟ್ರೆ ಕನ್ನಡಕ ಹಾಕ್ಕೊಂಡು ಪೂರ್ತಿ ಓದಿ, "ಈ ಗಾಡಿಗೆ ಯಾಕ್ಲಾ ಪೇಪರು? ಇದು ನಂದು ಅಂತ ಇಡೀ ಹಾಸನಕ್ಕೇ ಗೊತ್ತಲ್ಲ" ಅಂದ್ರು.